ನೂರ ಹದಿಮೂರನೇ ಮನೆ

ನಮ್ಮೂರಲ್ಲಿ ಮನೆಗಳು ಜರುಗುವುದು ಹೊಸದೇನಲ್ಲ. ಆದರೆ ಹಾಡಹಗಲಲ್ಲಿ, ಹಾರ್ನ್ ಹೊಡೆಯುತ್ತ, ಕಿಟಕಿಯ ಪರದೆ ಹಾರಿಸಿಕೊಂಡು ಬೆಟ್ಟದ ತಿರುವುಗಳನ್ನು ಹತ್ತಿ ಬಂದ ಮನೆಯನ್ನು ನಾವು ಕಂಡದ್ದು ಆ ಬುಧವಾರವೇ ಮೊದಲು.

ಅದು ಕೋಟೆ ಬಾಗಿಲಿಗೆ ಬಂದಾಗ ನಾನು ಬಾಗಿಲ ಬುಡದಲ್ಲಿ ಕೂತು ಸುಣ್ಣ ಕಲಸುತ್ತಿದ್ದೆ. ನೀಲಿ ಬಣ್ಣದ ಹಳೆಯ ಮಿನಿ ಬಸ್ಸು. ತಲೆಯ ಮೇಲೆ ನೀರಿನ ಟ್ಯಾಂಕು, ಬೆನ್ನಿಗೆ ಬಿಗಿದ ಎಣ್ಣೆ ಡಬ್ಬದಲ್ಲಿ ತುಳಸಿ ಗಿಡ. ಬಿಳಿ ಮೀಸೆಯ ಯಜಮಾನರೊಬ್ಬರು ಎರಡೂ ಬದಿಯ ಕನ್ನಡಿ ಮಡಚಿ, ಹೊಸ ಸೊಸೆ ಹೊಸ್ತಿಲು ದಾಟುವಷ್ಟು ನಿಧಾನವಾಗಿ ಅದನ್ನು ಒಳಗೆ ತಂದರು. ನನ್ನ ಪಕ್ಕದಲ್ಲೇ ಹಾದುಹೋದಾಗ ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ನಡೆಯುವ ಮನೆಯೊಳಗೆ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ!

"ಮನೆ ಬಂತು ಕಣ್ರೋ! ಮನೆ ಬಂತು!" ಎಂದು ಯಾರೋ ಕೂಗಿದರು. ಒಲೆ ಮೇಲಿಟ್ಟ ಹಾಲು ಬಿಟ್ಟು ಹೆಂಗಸರು ಓಡಿ ಬಂದರು. ಕ್ಷೌರ ಮಾಡಿಸಿಕೊಳ್ಳುತ್ತಿದ್ದವರು ಅರ್ಧ ನೊರೆಯ ಕೆನ್ನೆಯಲ್ಲೇ ಬಂದರು. ಬಾಗಿಲ ಒಳಗೆ ಒಂದು ಬಯಲಿದೆ, ಬಾಗಿಲ ಕಡೆಗೇ ಇಳಿಜಾರು. ಯಜಮಾನರು ಅಲ್ಲಿ ಒಂದು ಸುತ್ತು ಹೊಡೆದು, ಬಸ್ಸಿನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದರು. ಇಳಿದವರೇ ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು.

"ಮೂವತ್ತೆರಡು ವರ್ಷ ಬಸ್ ಹೊಡದೀನ್ರಿ. ಹೋಗೋ ಹಾದಿಗೆ ಮುಖಾ ಮಾಡಿ ನಿಲ್ಲಸೂದು ರೂಢಿ," ಎಂದು ಎಲ್ಲರಿಗೂ ಕೈ ಮುಗಿದರು. ಹೆಸರು ಫಕೀರಪ್ಪ. ಹೆಂಡತಿ ದ್ಯಾಮವ್ವ. ಬಯಲುಸೀಮೆಯವರು. ರಿಟೈರ್ ಆದಮೇಲೆ ಹಳೆಯ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮನೆ ಮಾಡಿಕೊಂಡು ಊರೂರು ನೋಡಲು ಹೊರಟವರು. ನಮ್ಮ ಕೋಟೆಯ ಕಲ್ಲುಬರಹ ನೋಡಿಕೊಂಡು ಹೋಗೋಣವೆಂದು ಬಂದಿದ್ದರು.

ಆ ಕಲ್ಲುಬರಹ ಬಾಗಿಲ ನೆತ್ತಿಯಲ್ಲಿದೆ. ಹಿಂದೆ ಒಬ್ಬ ದಳವಾಯಿ ತನ್ನ ಮನೆ ಅರಮನೆಯ ಹತ್ತಿರವಿರಲೆಂದು ಆನೆ ಕಟ್ಟಿ ಎಳೆಸಿದನಂತೆ. ಅವನ ಮನೆಯೇನೋ ಬಂತು. ಅದರ ಹಿಂದೆ ಇಡೀ ಬೀದಿ ಕುಸಿದು ಹನ್ನೊಂದು ಜನ ಸತ್ತರು. ಅಂದು ಕೆತ್ತಿಸಿದ್ದು ಎರಡೇ ಮಾತು: ಮನೆಯನ್ನು ನೂಕಬಾರದು, ಮನೆಯನ್ನು ತಡೆಯಬಾರದು. ಅಂದಿನಿಂದ ಮನೆಗಳು ತಮ್ಮ ಪಾಡಿಗೆ ತಾವು ಹೋಗುತ್ತವೆ. ಮಂತ್ರಿಗಳ ಮನೆ ನಾಲ್ಕು ತಲೆಮಾರಿನಲ್ಲಿ ಅರಮನೆಯ ಮಗ್ಗುಲಿಂದ ಕುಂಬಾರ ಬೀದಿಗೆ ಬಂದು ಸೇರಿದೆ. ಈಗ ಆ ವಂಶದವರು ಚೆನ್ನಾಗಿ ಮಡಕೆ ತಟ್ಟುತ್ತಾರೆ. ಎರಡು ಮನೆಯ ನಡುವೆ ಕಟ್ಟಿದ ಬಟ್ಟೆ ಹಗ್ಗ ಜೋತುಬಿದ್ದರೆ ನೆರೆಯವರು ಹತ್ತಿರವಾದರು ಎಂದು ಖುಷಿ, ಬಿಗಿದುಕೊಂಡರೆ ಬೇಜಾರು, ಕಿತ್ತುಹೋದರೆ ಬೀದಿಗೆಲ್ಲ ಸುದ್ದಿ. ನಲ್ಲಿಗೆ ರಬ್ಬರು ಪೈಪು, ಕರೆಂಟಿನ ತಂತಿಗೆ ಒಂದಿಷ್ಟು ಸಡಿಲ. ಪೋಸ್ಟಿನವನು ಬೀದಿ ಕೇಳುವುದಿಲ್ಲ, ಹೆಸರು ಕೇಳುತ್ತಾನೆ.

ಯಾವ ಮನೆ ಎಷ್ಟು ಜರುಗಿತು ಎಂದು ಅಳೆಯುವುದು ನಮ್ಮ ಮನೆತನದ ಕೆಲಸ. ಅಪ್ಪನ ಮಂಡಿ ಕೆಟ್ಟ ವರ್ಷವೇ ನಾನು ಏಳನೇ ಕ್ಲಾಸು ಬಿಟ್ಟು ಹಗ್ಗ ಹಿಡಿದೆ. ಗೇಣಿಗೊಂದು ಗಂಟು ಹಾಕಿದ ನೂರು ಗೇಣಿನ ಹಗ್ಗ. ದಿನಾ ಬೆಳಕು ಹರಿಯುವ ಹೊತ್ತಿಗೆ ಹೊರಟು, ಪ್ರತಿ ಮನೆಯ ಬುಡದಲ್ಲಿ ಎಳೆದ ಸುಣ್ಣದ ಗೆರೆಯಿಂದ ಮನೆಯವರೆಗೆ ಅಳೆದು, ಹಳೆಯದನ್ನು ಅಳಿಸಿ ಹೊಸದನ್ನು ಎಳೆಯುತ್ತೇನೆ. ಎಳೆದ ಗೆರೆಯನ್ನು ಸುಮ್ಮಸುಮ್ಮನೆ ಅಳಿಸುವ ಹಾಗಿಲ್ಲ. ಮನೆ ಜರುಗಿದರೆ ಮಾತ್ರ. ಕೊನೆಗೆ ಅಶ್ವತ್ಥಕಟ್ಟೆಗೆ ಬಂದು ಅಪ್ಪನ ಕಿವಿಯಲ್ಲಿ ಹೇಳುತ್ತೇನೆ. ಕೂಗುವವನು ಅಪ್ಪ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ. ಮನೆಗಳೂ ಹಾಗೆಯೇ, ಯಾರಾದರೂ ನೋಡುತ್ತಿದ್ದರೆ ಜರುಗುವುದಿಲ್ಲ. ಅವುಗಳ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬುಧವಾರ ಸಂಜೆ ಜನವೆಲ್ಲ ಚದುರಿದ ಮೇಲೂ ನಾನು ಬಸ್ಸಿನ ಸುತ್ತಲೇ ಸುಳಿಯುತ್ತಿದ್ದೆ. ದ್ಯಾಮವ್ವ ಬಾಗಿಲಿಗೆ ಬಂದರು.

"ಏನ ತಂಗಿ, ಎಷ್ಟೊತ್ತು ಹಂಗ ದೂರ ನಿಂದರ್ತಿ? ಬಾ ಒಳಗ, ಚಾ ಮಾಡೀನಿ."

ಹತ್ತುವ ಮೆಟ್ಟಿಲ ಮೇಲೆ ಅರಿಶಿನ ಕುಂಕುಮ ಹಚ್ಚಿದ ಮರದ ಹೊಸ್ತಿಲು. ಒಳಗೆ ಉರಿಯುವ ಒಲೆ, ಮಡಚಿಟ್ಟ ಹಾಸಿಗೆ, ಗೋಡೆಗೆ ದೇವರ ಪಟ. ನಟ್ಟ ನಡುವೆ, ಚಾವಣಿಯ ಕೊಂಡಿಗಳಿಂದ ಹಿತ್ತಾಳೆಯ ಸರಪಳಿಯಲ್ಲಿ ತೂಗುತ್ತಿತ್ತು ಒಂದು ದೊಡ್ಡ ತೊಟ್ಟಿಲು. ಕಪ್ಪಗೆ ಮಿರುಗುವ ಮರ, ನಾಲ್ಕೂ ಮೂಲೆಗೆ ಗಿಳಿ.

"ನಮ್ಮವ್ವಂದು," ಎಂದು ದ್ಯಾಮವ್ವ ಗಿಳಿಯ ತಲೆ ಸವರಿದರು. "ನಮ್ಮ ಮನಿತನದಾಗ ಹುಟ್ಟಿದ ಕೂಸುಗಳೆಲ್ಲ ಇದರಾಗ ಮಲಗ್ಯಾವ. ಅಕ್ಕನ ಮೊಮ್ಮಗಳು ಹಡದಾಳ, ಬೆಟ್ಟದ ಆ ಕಡೆ. ಸೋಮವಾರ ಹನ್ನೆರಡನೇ ದಿನ, ಕೂಸಿನ್ನ ತೊಟ್ಟಲಕ್ಕ ಹಾಕೂದು. ಇಲ್ಲಿಂದ ಎರಡು ದಿನದ ಹಾದಿ. ಶುಕ್ರವಾರ ಮುಂಜಾನೆ ಬಿಟ್ರ ಆರಾಮ ಮುಟ್ಟತೀವಿ. ಅಕ್ಕ ದಿನಾ ಫೋನ್ ಮಾಡಿ ಕೇಳ್ತಾಳ, ತೊಟ್ಟಲಾ ಎಲ್ಲಿಗೆ ಬಂತು, ತೊಟ್ಟಲಾ ಎಲ್ಲಿಗೆ ಬಂತು ಅಂತ. ನನ್ನ ಕೇಳೂದಿಲ್ಲ ನೋಡು!"

"ನಿನ್ನೇನ ಕೇಳೂದು? ನೀ ಹೆಂಗೂ ಮಾತಾಡಕೋತ ಬರ್ತಿ, ಒಂದು ಹರದಾರಿ ಮೊದಲ ಕೇಳಸತೈತಿ," ಎಂದರು ಫಕೀರಪ್ಪ.

"ಮೂವತ್ತೆರಡು ವರ್ಷ ಊರ ಮಂದಿನ್ನೆಲ್ಲಾ ಹೊತ್ಕೊಂಡು ತಿರಗ್ಯಾರ ಇವರು. ನನ್ನ ಒಂದ ದಿನಾ ಕೂಡಿಸ್ಕೊಳ್ಳಿಲ್ಲ. ಈಗ ಮಾತಾಡದ ಯಾವಾಗ ಮಾತಾಡ್ಲಿ?"

ನಾನು ನಕ್ಕುಬಿಟ್ಟೆ. ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಒಲೆ, ಹೊಸ್ತಿಲು, ಹಾಸಿಗೆ, ಅದರ ಮೇಲೆ ತೊಟ್ಟಿಲು. ಮನೆಗೆ ಇನ್ನೇನು ಬೇಕು?

ಗುರುವಾರ ಬೆಳಿಗ್ಗೆ ನನ್ನ ಸುತ್ತು ಮುಗಿಸಿ ಬಯಲಿಗೆ ಬಂದೆ. ನೂರ ಹನ್ನೆರಡು ಮನೆ ಮುಗಿದಿತ್ತು. ಕೈಯಲ್ಲಿ ಸುಣ್ಣ ಇನ್ನೂ ಉಳಿದಿತ್ತು. ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಹಗ್ಗ ಬಿಚ್ಚಿತು. ಬಸ್ಸಿನ ಅಗಲ ಒಂಬತ್ತು ಗೇಣು ಮೂರು ಬೆರಳು. ಸುತ್ತಲೂ ಚೆಂದವಾಗಿ, ಬಾಗಿಲೆದುರು ಒಂದು ಚೂರು ಬಿಟ್ಟು, ಗೆರೆ ಎಳೆದೆ. ಆಮೇಲೆ ಓಡುತ್ತ ಕಟ್ಟೆಗೆ ಹೋಗಿ ಅಪ್ಪನ ಕಿವಿಯಲ್ಲಿ ಹೇಳಿದೆ.

ಅಪ್ಪ ನನ್ನ ಮುಖ ನೋಡಿದ. "ಗೆರೆ ಎಳೆದ್ಯಾ?"

"ಹ್ಞೂಂ."

ಅಪ್ಪ ಕಟ್ಟೆಯ ಮೇಲೆ ಎದ್ದು ನಿಂತು ಕೂಗಿದ: "ನೂರ ಹದಿಮೂರನೇ ಮನೆ! ಕೋಟೆ ಬಯಲು!"

ಊರಿಗೆ ಹಬ್ಬವೇ ಬಂತು. ನಮ್ಮಜ್ಜನ ಕಾಲದಿಂದ ಒಂದೂ ಹೊಸ ಮನೆ ಸೇರಿರಲಿಲ್ಲ. ಹೆಂಗಸರು ಮೊರದಲ್ಲಿ ಅಕ್ಕಿ ಬೆಲ್ಲ ಹೊತ್ತು ಸಾಲುಗಟ್ಟಿದರು. ಯಾರೋ ಮಾವಿನ ತೋರಣ ತಂದು ಬಸ್ಸಿನ ವೈಪರಿಗೆ ಕಟ್ಟಿದರು. ಊರಿನ ಯಜಮಾನ್ತಿ ಮಾಳಮ್ಮ ತನ್ನ ಮನೆಯ ಹಸುವನ್ನೇ ಹಿಡಿದುಕೊಂಡು ಬಂದು ಒಳಕ್ಕೆ ಹತ್ತಿಸಲು ನೋಡಿದಳು. ಹಸು ಎರಡು ಮೆಟ್ಟಿಲು ಹತ್ತಿ, ತೊಟ್ಟಿಲು ನೋಡಿ ಬೆದರಿ, ಸಗಣಿ ಹಾಕಿ ಇಳಿಯಿತು. "ಶುಭ ಆಯ್ತು," ಎಂದಳು ಮಾಳಮ್ಮ. ದ್ಯಾಮವ್ವ ಎಲ್ಲರಿಗೂ ಚಹಾ ಮಾಡಿ ಸುಸ್ತಾದರು. "ಎಂಥಾ ಮಂದಿ ನೋಡ್ರಿ, ಹಾದಿ ಮ್ಯಾಲ ಬಂದವರಿಗೆ ಇಷ್ಟು ಪ್ರೀತಿ!" ಎಂದು ಗಂಡನಿಗೆ ಹೇಳುತ್ತಲೇ ಇದ್ದರು.

ಶುಕ್ರವಾರ ಬೆಳಿಗ್ಗೆ ಫಕೀರಪ್ಪ ಇಂಜಿನ್ ಶುರು ಮಾಡಿದರು. ಆ ಸದ್ದಿಗೆ ಮಾಳಮ್ಮ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಓಡಿ ಬಂದು ಬಸ್ಸಿನ ಎದುರು ನಿಂತಳು.

"ಏನಣ್ಣಾ ಮಾಡ್ತಾ ಇದೀಯ? ಮನೇನ ಇಂಜಿನ್ ಹಾಕಿ ಎಳೀತೀಯಾ? ಬಾಗಿಲ ಮೇಲೆ ಬರೆದಿರೋದು ಓದ್ಕೊಂಡು ಬರ್ಲಿಲ್ವಾ?"

"ಇದು ಗಾಡಿ ಐತ್ರೀ ಅಮ್ಮಾ!"

"ನಿನ್ನೆ ಬೆಳಿಗ್ಗೆವರೆಗೂ ಗಾಡಿ. ಗೆರೆ ಬಿದ್ದಮೇಲೆ ಮನೆ. ದಳವಾಯಿ ಕಾಲ್ದಲ್ಲಿ ಹನ್ನೊಂದು ಹೆಣ ಬಿದ್ವು. ಆನೆಯಾದ್ರೇನು, ಇಂಜಿನ್ನಾದ್ರೇನು?"

ಜನ ಸೇರಿತು. ಯಾರಿಗೂ ಕೋಪವಿರಲಿಲ್ಲ, ಎಲ್ಲರಿಗೂ ನಿಜವಾದ ಭಯವಿತ್ತು. ಅಪ್ಪನನ್ನು ಕರೆಸಿದರು. ಅಪ್ಪ ಕೋಲೂರಿಕೊಂಡು ಬಂದು ಗೆರೆ ನೋಡಿ ಹೇಳಿದ: "ಎಳೆದ ಗೆರೆ ಅಳಿಸ್ಬೇಕಾದ್ರೆ ಮನೆ ತಾನಾಗಿ ಜರುಗ್ಬೇಕು. ನಾನೇನು ಮಾಡ್ಲಿ?" ಬೆಟ್ಟದ ಆಚೆಗೆ ಹೋಗುವ ಬಸ್ಸು ಇರುವುದು ಮಂಗಳವಾರ ಒಂದೇ. ಅಷ್ಟು ಹೊತ್ತಿಗೆ ಹನ್ನೆರಡನೇ ದಿನ ಕಳೆದಿರುತ್ತದೆ.

ನಾನು ಬಾಗಿಲ ಕಂಬದ ಹಿಂದೆ ನಿಂತಿದ್ದೆ. ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿತ್ತು. ಸಂಜೆ ದ್ಯಾಮವ್ವನೇ ಹುಡುಕಿಕೊಂಡು ಬಂದರು.

"ಗೆರಿ ಎಳದಾಕಿ ನೀ ಏನು?"

ತಲೆಯಾಡಿಸಿದೆ. ಬೈಗುಳಕ್ಕೆ ಕಾದೆ.

"ನನ್ನ ಮಗಾ ಇದನ್ನ ಡಬ್ಬಿ ಅಂತಾನ. ಸೊಸಿ ಗುಜರಿ ಅಂತಾಳ. ಇದು ಮನಿ ಅಂದಾಕಿ ನೀ ಒಬ್ಬಾಕಿ," ಎಂದರು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಆದರೆ ಆವತ್ತು ಮಾತಾಡಲಿಲ್ಲ. ಅಕ್ಕನ ಫೋನು ಬಂದಾಗ ಎತ್ತಲಿಲ್ಲ. ತೊಟ್ಟಿಲನ್ನು ಒಂದು ಬೆರಳಲ್ಲಿ ತೂಗುತ್ತ ಕೂತಿದ್ದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ರಾತ್ರಿ ಸಣ್ಣಗೆ ಮಳೆ ಹನಿಯಿತು. ಶನಿವಾರ ಬೆಳಿಗ್ಗೆ ನಾನು ಮೊದಲು ಬಯಲಿಗೇ ಹೋದೆ. ಹಗ್ಗ ಇಟ್ಟೆ. ಮತ್ತೆ ಇಟ್ಟೆ. ಎರಡು ಬೆರಳು! ಬಸ್ಸು ತನ್ನ ಗೆರೆಯಿಂದ ಎರಡು ಬೆರಳು ಬಾಗಿಲ ಕಡೆಗೆ ಜರುಗಿತ್ತು. ಹಳೆಯದನ್ನು ಅಳಿಸಿ ಹೊಸ ಗೆರೆ ಎಳೆದೆ. ಹೊತ್ತು ಏರುವ ಮೊದಲು ಕಟ್ಟೆಯ ಮೇಲೆ ಅಪ್ಪ ಕೂಗಿದ: "ಹೊಸ ಮನೆ, ಎರಡು ಬೆರಳು, ಕೋಟೆ ಬಾಗಿಲ ಕಡೆ!" ಊರು ಚಪ್ಪಾಳೆ ತಟ್ಟಿತು. ಹೊಸ ಮನೆ ನಿಜವಾಗಿಯೂ ನಮ್ಮದೇ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಎಲ್ಲರೂ ಬಯಲಿಗೆ ಬಂದರು.

ಫಕೀರಪ್ಪ ಮಾತ್ರ ಹಣೆ ಚಚ್ಚಿಕೊಂಡರು. "ಜರಗೇತಿ ಅಂದ್ರ ಏನ್ರೀ, ಹ್ಯಾಂಡ್‌ಬ್ರೇಕ್ ಸಡ್ಲ ಐತಿ. ಮಳಿಗೆ ಕಲ್ಲು ಜಾರೇತಿ. ಈ ಕಲ್ಲು ತಡದಿಲ್ಲಾ ಅಂದ್ರ ರಾತ್ರಿನ ಇಳದು ಹೋಗ್ತಿತ್ತು."

ನಾನು ಆ ಕಲ್ಲನ್ನೇ ನೋಡಿದೆ. ಆಮೇಲೆ ಬಾಗಿಲ ನೆತ್ತಿಯ ಬರಹ ನೋಡಿದೆ. ಎರಡು ಮಾತು. ಊರೆಲ್ಲ ಒಂದೇ ಮಾತು ಹಿಡಿದುಕೊಂಡು ಕೂತಿತ್ತು. ಅಪ್ಪನ ಕಿವಿ ಹತ್ತಿರದಲ್ಲೇ ಇತ್ತು. ಆದರೆ ನಾನು ಎಳೆದ ಗೆರೆಗೆ ಅಪ್ಪನ ಬಾಯಿ ಯಾಕೆ?

"ತಡೀಬಾರ್ದಲ್ವಾ?" ಅಂದೆ.

ಎಲ್ಲರೂ ತಿರುಗಿದರು. ಇಷ್ಟು ವರ್ಷದಲ್ಲಿ ನನ್ನ ದನಿ ಕೇಳದವರೇ ಅಲ್ಲಿ ಅರ್ಧ ಜನ.

"ಏನಂದೆ ಚೆಲುವಿ?" ಎಂದಳು ಮಾಳಮ್ಮ.

"ಮನೇನ ನೂಕಬಾರ್ದು. ತಡೀನೂಬಾರ್ದು. ಆ ಕಲ್ಲು... ಅದು ತಡೀತಾ ಐತೆ. ಬುಧವಾರದಿಂದ."

ಮಾಳಮ್ಮ ಬಗ್ಗಿ ಚಕ್ರದ ಕೆಳಗೆ ನೋಡಿದಳು. ಎದ್ದಾಗ ಮುಖ ಕೆಂಪಾಗಿತ್ತು. "ಅಯ್ಯೋ ನಿನ್ನ! ಮನೆ ಹೋಗ್ತೀನಿ ಅಂತೈತೆ, ನೀನು ಕಲ್ಲು ಕೊಟ್ಟು ಕೂರಿಸಿದ್ದೀಯ? ಇದೇನಣ್ಣಾ ಅನ್ಯಾಯ? ತೆಗಿ ಮೊದ್ಲು!"

ಫಕೀರಪ್ಪ ಬಾಯಿ ಬಿಟ್ಟುಕೊಂಡು ಅವಳನ್ನು ನೋಡಿದರು, ಆಮೇಲೆ ನನ್ನನ್ನು. ಬಿಳಿ ಮೀಸೆಯ ಕೆಳಗೆ ನಗು ಸಣ್ಣಗೆ ಶುರುವಾಯಿತು.

"ಒಳಗ ಒಂದು ಹಿಡಕಿ ಐತ್ರೀ ಅಮ್ಮಾ, ಹ್ಯಾಂಡ್‌ಬ್ರೇಕ್ ಅಂತ. ಅದೂ ತಡಿಯೋದ. ತೆಗೀಬೇಕೇನ್ರಿ?"

"ಕೇಳೋದೇನು? ಊರಿಗೆ ಕೇಡು ತರ್ಬೇಕು ಅಂತಿದೀಯಾ? ಅದನ್ನೂ ತೆಗಿ! ಇಂಜಿನ್ ಮಾತ್ರ ಮುಟ್ಟಬೇಡ, ಹೇಳಿದೀನಿ. ಕೋಟೆಯೊಳಗೆ ನೂಕಾಟ ಎಳೆದಾಟ ಇಲ್ಲ."

"ಕೋಟಿ ಹೊರಗ?"

"ಹೊರಗೆ ನಮಗೇನಣ್ಣ?"

ದ್ಯಾಮವ್ವ ಆಗಲೇ ಒಳಗೆ ಓಡಿ ಪಾತ್ರೆಗಳನ್ನು ಕಟ್ಟುತ್ತಿದ್ದರು. ನನಗೆ ಮಾತ್ರ ಹೊಸ ಭಯ ಹುಟ್ಟಿತು. ಕೋಟೆ ಬಾಗಿಲೂ ನಮ್ಮೂರಿನದೇ, ಅದರ ಕಂಬಗಳೂ ಜರುಗುತ್ತವೆ. ಬುಧವಾರ ಒಂಬತ್ತು ಗೇಣು ಹನ್ನೊಂದು ಬೆರಳಿದ್ದ ಬಾಗಿಲು ಅಂದು ಬೆಳಿಗ್ಗೆ ಒಂಬತ್ತು ಗೇಣು ಒಂಬತ್ತು ಬೆರಳಿಗೆ ಬಂದಿತ್ತು. ಒಂದೊಂದು ಬದಿಗೆ ಉಳಿಯುವುದು ಮೂರೇ ಬೆರಳು. ಇಂಜಿನ್ನಿಲ್ಲದೆ ಉರುಳುವ ಬಸ್ಸು.

ಅಪ್ಪನಿಗೂ ಅದು ಗೊತ್ತಿತ್ತು. ನನ್ನ ಹಗ್ಗದ ಒಂದು ತುದಿಯನ್ನು ತನ್ನ ಕೈಗೆ ತೆಗೆದುಕೊಂಡ. "ಹತ್ತು. ಬಾಗಿಲು ದಾಟಿಸು. ಮನೆ ನಿಲ್ಲೋವರೆಗೂ ಜೊತೆಗೆ ಹೋಗು, ನಿಂತಲ್ಲಿ ಗೆರೆ ಎಳಿ. ಎಷ್ಟು ಅಂತ ಹೇಳು."

"ನಿಲ್ಲದೇ ಇದ್ರೆ?"

ಅಪ್ಪ ನನ್ನ ಕಡೆ ನೋಡಲಿಲ್ಲ. ಸುಣ್ಣದ ಗಡಿಗೆಯನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟ. "ನಿಲ್ಲದೇ ಇದ್ರೆ ಎಲ್ಲಿ ಎಳೀತೀಯ, ಹುಚ್ಚಿ? ಹೋಗು. ನನ್ನ ಹಳೇ ಹಗ್ಗ ಅಟ್ಟದ ಮೇಲೈತೆ."

ಮಾಳಮ್ಮ ಎರಡೂ ಕೈ ಎತ್ತಿದಳು. "ಎಲ್ರೂ ತಿರುಗ್ರೋ! ಯಾರಾದ್ರೂ ನೋಡ್ತಾ ಇದ್ರೆ ಮನೆ ಹೊರಡಲ್ಲ!" ಇಡೀ ಊರು, ಕೂಸು ಕುನ್ನಿ ಸಮೇತ, ಬಸ್ಸಿಗೆ ಬೆನ್ನು ಮಾಡಿ ನಿಂತಿತು. ಗೋಡೆ ನೋಡುತ್ತ ನಿಂತ ಮುನ್ನೂರು ಬೆನ್ನು. ಮಾಳಮ್ಮ ತಾನೂ ತಿರುಗಿದಳು, ಆದರೆ ಹಿತ್ತಾಳೆಯ ತಟ್ಟೆಯೊಂದನ್ನು ಮುಖದೆದುರು ಹಿಡಿದುಕೊಂಡಿದ್ದು ನನಗೆ ಕಂಡಿತು. ಅದರಲ್ಲಿ ನೀಲಿ ಬಸ್ಸು ಪುಟ್ಟದಾಗಿ ಹೊಳೆಯುತ್ತಿತ್ತು.

ಫಕೀರಪ್ಪ ಕಲ್ಲು ಒದ್ದು, ಹಾರಿ ಒಳಗೆ ಕೂತು, ಹಿಡಿಕೆ ಇಳಿಸಿದರು. ಒಂದು ಉಸಿರು ಏನೂ ಆಗಲಿಲ್ಲ. ಆಮೇಲೆ ತೊಟ್ಟಿಲು ಮೆಲ್ಲಗೆ ತೂಗಿತು.

"ಹೊಂಟಿತು! ಹೊಂಟಿತು!" ಎಂದು ದ್ಯಾಮವ್ವ ಕಿರುಚಿ ಗಿಳಿಗಳನ್ನು ಅಪ್ಪಿಕೊಂಡರು.

ನಾನು ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಹೊರಗೆ ಬಾಗಿದ್ದೆ. ಗಂಟುಗಳು ಕೈಯಿಂದ ಜಾರುತ್ತಿದ್ದವು: ಹತ್ತು ಗೇಣು, ಇಪ್ಪತ್ತು. ಗಾಳಿ ಬೀಸತೊಡಗಿತು. ಬಾಗಿಲು ಎದುರಿಗೆ ಓಡಿ ಬಂತು.

"ಎಡಕ್ಕೆ ಎರಡು ಬೆರಳು!" ಎಂದು ಕೂಗಿದೆ. ಅದು ನನ್ನದೇ ದನಿ.

"ಎರಡು ಬೆರಳು ಅಂದ್ರ ಎಷ್ಟವಾ?"

"ನಾಲ್ಕು ಬೀಡಿ ಜೋಡಿಸಿಟ್ಟಷ್ಟು!"

"ಹಂಗ ಹೇಳು!" ಎಂದು ಫಕೀರಪ್ಪ ಸ್ಟೇರಿಂಗ್ ತಟ್ಟಿದರು.

"ಸಾಕು! ಈಗ ನೆಟ್ಟಗೆ! ಬಲಕ್ಕೆ ಒಂದು ಬೀಡಿ! ಸಾಕು, ಸಾಕು, ಬಿಡ್ಬೇಡಿ!" ತಲೆ ಒಳಗೆಳೆದುಕೊಂಡೆ. ಕಲ್ಲಿನ ಕಂಬ ನನ್ನ ಮೂಗಿನೆದುರೇ ಸರಿಯಿತು. ನಾನೇ ಬಳಿದ ಸುಣ್ಣದ ಗುರುತುಗಳು ಒಂದೊಂದಾಗಿ ಹಾದುಹೋದವು. ಹಿಂದೆಲ್ಲೋ ತುಳಸಿಯ ಡಬ್ಬ ಕಲ್ಲಿಗೆ ತಾಗಿ ಟಣ್ ಎಂದಿತು. ಅಷ್ಟೇ. ಬಿಸಿಲು ಮುಖಕ್ಕೆ ಹೊಡೆಯಿತು. ನಾವು ಹೊರಗಿದ್ದೆವು.

ಆಗ ಹಗ್ಗ ಬಿಗಿಯಿತು. ನೂರು ಗೇಣು ಮುಗಿದಿತ್ತು. ಹಿಂತಿರುಗಿ ನೋಡಿದೆ. ಬಾಗಿಲ ಕಮಾನಿನ ಆಚೆ, ಎಲ್ಲರ ಬೆನ್ನುಗಳ ನಡುವೆ, ಒಬ್ಬನೇ ಒಬ್ಬ ನನ್ನ ಕಡೆ ಮುಖ ಮಾಡಿ ನಿಂತಿದ್ದ. ಇನ್ನೊಂದು ಗಳಿಗೆ ಹಿಡಿದುಕೊಂಡಿದ್ದರೆ ಅದು ತಡೆದ ಹಾಗಾಗುತ್ತಿತ್ತು. ಅಪ್ಪ ಬೆರಳು ಬಿಡಿಸಿದ. ಹಗ್ಗ ಕುಣಿಯುತ್ತ, ಕಲ್ಲುಗಳ ಮೇಲೆ ಎಗರುತ್ತ ನಮ್ಮ ಹಿಂದೆಯೇ ಓಡಿ ಬಂತು.

ಫಕೀರಪ್ಪ ಗೇರು ಹಾಕಿ ಕ್ಲಚ್ಚು ಬಿಟ್ಟರು. ಇಂಜಿನ್ ಒಮ್ಮೆ ಕೆಮ್ಮಿ ಎದ್ದು ಕೂತಿತು. ಹಾರ್ನ್ ಹೊಡೆದರು, ತಿರುವು ತಿರುವಿಗೂ ಹೊಡೆದರು. ದ್ಯಾಮವ್ವ ಅಕ್ಕನಿಗೆ ಫೋನು ಹಚ್ಚಿ, "ತೊಟ್ಟಲಾ ಹೊಂಟೈತಿ ನೋಡಬೇ! ಜೊತಿಗೆ ಒಬ್ಬ ಹುಡುಗಿನೂ ಬರಾಕತ್ಯಾಳ, ಬಾಯಿ ಭಾಳ ಜೋರೈತಿ ಆಕೀದು!" ಎಂದು ಕೂಗುತ್ತಿದ್ದರು. ನಾನು ಹಗ್ಗ ಸುತ್ತಿಕೊಳ್ಳುತ್ತ ಮೆಟ್ಟಿಲ ಮೇಲೆಯೇ ಕೂತಿದ್ದೆ. ಪ್ರತಿ ತಿರುವಿನಲ್ಲೂ ನಮ್ಮ ಬೆಟ್ಟ ಒಂದಿಷ್ಟು ಹಿಂದೆ ಜರುಗುತ್ತಿತ್ತು. ಅದನ್ನು ಎಷ್ಟು ಗೇಣು ಎಂದು ಹೇಳಲು ನನಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತೊಟ್ಟಿಲು ದ್ಯಾಮವ್ವನ ಅಕ್ಕನ ಮನೆಯ ತೊಲೆಗೆ ಏರಿತು. ಅಂಗೈಯಗಲದ ಮುಖದ ಕೂಸು ಗಿಳಿಗಳ ನಡುವೆ ಒಮ್ಮೆ ಕಣ್ಣು ಬಿಟ್ಟು, ಆಕಳಿಸಿ ಮಲಗಿತು. ಹೆಂಗಸರು ಹಾಡಿದರು. ನನಗೆ ಹಾಡು ಬರದಿದ್ದರೂ ಕೊನೆಯ ಸೊಲ್ಲಿಗೆ ದನಿ ಸೇರಿಸಿದೆ. ಊಟವಾದ ಮೇಲೆ ಹೊರಗೆ ಬಂದು ನೋಡಿದೆ. ಬಸ್ಸು ಅಂಗಳದ ಬೇವಿನ ನೆರಳಲ್ಲಿ ನಿಂತಿತ್ತು. ಸುಣ್ಣದ ಗಡಿಗೆ ತೆಗೆದುಕೊಂಡು ಅದರ ಬುಡದಲ್ಲಿ ಕೂತೆ. ಕೈ ಮುಂದಾಗಲಿಲ್ಲ. ಫಕೀರಪ್ಪ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.

"ಸಮುದ್ರ ನೋಡೀ ಏನವಾ?"

"ಇಲ್ಲ."

"ನಾವೂ ನೋಡಿಲ್ಲ. ನಾಳೆ ಮುಂಜಾನೆ ಐದಕ್ಕ ಬಿಡೂದು. ನೀ ಅಳತಿ ಹೇಳಾಕ ಬೇಕು, ಆ ಕಡೆ ಸೇತುವಿ ಭಾಳ ಸಣ್ಣವು ಅದಾವ."

ಗಡಿಗೆಯ ಬಾಯಿ ಕಟ್ಟಿ, ನಮ್ಮೂರ ಕಟ್ಟೆಯ ಎದುರಿನ ಹೋಟೆಲಿಗೆ ಫೋನು ಮಾಡಿದೆ. ಯಾರೋ ಓಡಿಹೋಗಿ ಅಪ್ಪನನ್ನು ಕರೆತಂದರು. ಕೋಲಿನ ಸದ್ದು ಕೇಳಿಸಿತು, ಆಮೇಲೆ ಉಸಿರು.

"ತೊಟ್ಟಿಲು?"

"ಕಟ್ಟಿದ್ರು ಅಪ್ಪ. ಕೂಸು ಮಲಗ್ತು. ಹಗ್ಗ ಯಾರು ಹಿಡೀತಾವ್ರೆ?"

"ಮಾಳಮ್ಮ. ಒಂದು ಅಳತೆನಾದ್ರೂ ಸರಿ ಇದ್ರೆ ಕೇಳು. ನಿನ್ನೆ ಅವಳ ಮನೆನೇ ಮೂರು ಮೊಳ ಜರುಗ್ತು ಅಂದ್ಳು." ಅಪ್ಪ ನಕ್ಕ. ಆಮೇಲೆ ಕೆಲಸದ ದನಿಯಲ್ಲಿ ಕೇಳಿದ, "ಮನೆ ನಿಂತಿತಾ?"

ನಾನು ಬಸ್ಸಿನ ಕಡೆ ನೋಡಿದೆ. ದ್ಯಾಮವ್ವ ಕಿಟಕಿಯಿಂದ ಪರದೆ ಜಾಡಿಸುತ್ತಿದ್ದರು.

"ಇಲ್ಲಪ್ಪ. ಇನ್ನೂ ನಿಂತಿಲ್ಲ," ಎಂದೆ, ಪಿಸುಗುಟ್ಟದೆ.

ಅಪ್ಪ ಫೋನಿನಿಂದ ಮುಖ ತಿರುಗಿಸಿ ಕಟ್ಟೆಯ ಕಡೆಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೂರ ಹದಿಮೂರನೇ ಮನೆ! ಇನ್ನೂ ಹೋಗ್ತಾನೇ ಐತೆ!"

ಅದರ ಹಿಂದೆಯೇ ಇಡೀ ಊರಿನ ಚಪ್ಪಾಳೆ.